ಅಪ್‌ಡೇಟ್: ಕಾಯೋಕೇ ಬಾರದ ನಮ್ಮ ಆರು ವರ್ಷದ ಮಗ

ಎರಡು ತಿಂಗಳ ಹಿಂದೆ ತುಮಕೂರಿನಿಂದ ಕೇಳಿದ್ದೆ. ಮಗನಿಗೆ ಕಾಯೋದು ಅಂದ್ರೆ ಆಗಲ್ಲ, ಚೌಕಾಬಾರದಲ್ಲಿ ಸೋತರೆ ಕವಡೆ ಎಸೆಯುತ್ತಾನೆ, ಏನು ಮಾಡಲಿ ಅಂತ. ಬೈಯೋದು ಬಿಟ್ಟು ಆಟ ಆಡಿಸಿ ಅಂದವರಿಗೆ ಥ್ಯಾಂಕ್ಸ್.

ಕೆರೆ-ದಡ ಶುರು ಮಾಡಿದೆವು. ಅಂಗಳದಲ್ಲಿ ಸೀಮೆಸುಣ್ಣದ ಗೆರೆ, 'ಕೆರೆ' ಅಂದರೆ ಒಳಗೆ, 'ದಡ' ಅಂದರೆ ಹೊರಗೆ. ಮೊದಲ ವಾರ ನಾನು ಬಾಯಿ ತೆರೆಯುವ ಮೊದಲೇ ಹಾರುತ್ತಿದ್ದ. ಆಮೇಲೆ ಅವನ ಅಕ್ಕ ನಿಯಮ ಉಲ್ಟಾ ಮಾಡಿದಳು, ಕೆರೆ ಅಂದರೆ ಹೊರಗೆ. ಈಗ ಒಂದು ಕಾಲು ಎತ್ತಿ, ನಾಲಿಗೆ ಕಚ್ಚಿಕೊಂಡು, ಒಂದು ಕ್ಷಣ ತಡೆದು ನಿಲ್ಲುತ್ತಾನೆ. ನನಗೆ ಬೇಕಿದ್ದದ್ದು ಅದೇ! ನಿಯಮ ನೆನಪಿಡೋದು, ಮೈ ತಡೆಯೋದು, ನಿಯಮ ಬದಲಾದರೆ ತಾನೂ ಬದಲಾಗೋದು, ಮೂರೂ ಇದರಲ್ಲೇ ಇವೆ. ಇದನ್ನೆಲ್ಲ ನೋಡಿಕೊಳ್ಳುವ, ಹಣೆಯ ಹಿಂದಿನ ಮೆದುಳಿನ ಭಾಗ 20 ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದಂತೆ. ನಾನು ಸುಮ್ನೆ ರೇಗಾಡುತ್ತಿದ್ದೆ ಅಲ್ವಾ.

ಒಂದು ಮಿಠಾಯಿ ಮುಂದಿಟ್ಟು, ಕಾದರೆ ಎರಡು ಅನ್ನುವ ಮಾರ್ಷ್‌ಮ್ಯಾಲೋ ಪರೀಕ್ಷೆಯನ್ನೂ ಒಬ್ಬರು ಹೇಳಿದ್ದರು. ಕಡಲೆ ಮಿಠಾಯಿ ಇಟ್ಟೆ, ನಾನು ತಿರುಗೋದ್ರೊಳಗೆ ಖಾಲಿ. ತಲೆ ಕೆಡಿಸಿಕೊಳ್ಳಲಿಲ್ಲ. ಕಾಯುವ ಮಕ್ಕಳು ಮುಂದೆ ಚೆನ್ನಾಗಿ ಓದುತ್ತಾರೆ ಅನ್ನೋ ಮಾತಿತ್ತು, ಆದರೆ 2018ರಲ್ಲಿ ಸಂಶೋಧಕರು ಜಾಸ್ತಿ ಮಕ್ಕಳನ್ನು ತಗೊಂಡು ಮತ್ತೆ ನೋಡಿದಾಗ, ಮನೆಯ ಪರಿಸ್ಥಿತಿಯನ್ನೂ ಲೆಕ್ಕ ಹಾಕಿದರೆ, ಕಾಯೋದಕ್ಕೂ ಮುಂದಿನ ಓದಿಗೂ ನಂಟು ತುಂಬಾ ಕಮ್ಮಿ ಅಂತ ಕಂಡಿತ್ತು.

ಮೊನ್ನೆ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಗೆ ಇಪ್ಪತ್ತು ನಿಮಿಷ ಕಾದೆವು. ಮೊಬೈಲ್ ಕೊಡಲಿಲ್ಲ. ಪಕ್ಕದ ಟೇಬಲ್‌ಗೆ ಹೋಗುವ ಇಡ್ಲಿ ಎಣಿಸುತ್ತಾ ಕೂತಿದ್ದ. ಚೌಕಾಬಾರದ ಕವಡೆ ಮಾತ್ರ ಇನ್ನೂ ಸೋಫಾ ಕೆಳಗೇ ಸಿಗುತ್ತಿವೆ.