ಪದ ಬೇಕು (ತುರ್ತು): ‘ಆಪ್ಷನಲಿ ಮ್ಯಾನ್ಡ್ ಫೈಟಿಂಗ್ ವೆಹಿಕಲ್’

ಕರಡು ತಿದ್ದುವವಳು:

ಎಲ್ಲರಿಗೂ ನಮಸ್ಕಾರ. ಯುದ್ಧವಾಹನಗಳ ಆಧುನೀಕರಣದ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ, ಸಂಜೆಯೊಳಗೆ ಪುಟ ಅಚ್ಚಿಗೆ ಹೋಗಬೇಕು. ಅಮೆರಿಕದ ಸೇನೆ 1980ರ ದಶಕದಿಂದ ಬಳಸುತ್ತಿರುವ ಬ್ರಾಡ್ಲಿ ವಾಹನದ ಜಾಗಕ್ಕೆ ಹೊಸದೊಂದನ್ನು ತರಲು ಹೊರಟಿದೆ. ಆ ಯೋಜನೆಗೆ ಮೊದಲಿದ್ದ ಹೆಸರೇ ಮೇಲಿನ ವಿಷಯಸಾಲಿನಲ್ಲಿರುವುದು. 2023ರಲ್ಲಿ ಅದನ್ನು ಎಕ್ಸ್‌ಎಂ30 ಎಂದು ಬದಲಿಸಿದರು, ಆದರೆ ಲೇಖನದ ತುಂಬ ಹಳೆಯ ಹೆಸರೇ ಇದೆ. ಸೈನಿಕರು ಒಳಗೆ ಕೂತು ಓಡಿಸಲೂಬಹುದು, ಒಳಗೆ ಯಾರೂ ಇಲ್ಲದೆ ದೂರದಿಂದ ನಡೆಸಲೂಬಹುದು ಎನ್ನುವುದು ಅದರ ಕಲ್ಪನೆ.

‘ಮಾನವರಹಿತ’ ಎಂದರೆ ಅರ್ಧ ಸುಳ್ಳಾಗುತ್ತದೆ. ನಿಘಂಟು ಹಿಡಿದು ಹೋದರೆ ‘ಐಚ್ಛಿಕ ಮಾನವಸಹಿತ’ ಸಿಗುತ್ತದೆ. ಅದನ್ನು ಓದುಗರ ಮುಂದಿಡುವ ಧೈರ್ಯ ನನಗಿಲ್ಲ. ಚಿತ್ರದ ಕೆಳಗಿನ ಪಟ್ಟಿಯಲ್ಲಿ ಮೂರು ಪದ ಮೀರಿದರೆ ಹಿಡಿಯುವುದಿಲ್ಲ. ಪಕ್ಕದಲ್ಲೇ ಒಳಗೆ ಯಾರೂ ಕೂರದ ‘ರೋಬೋಟಿಕ್ ಕಾಂಬ್ಯಾಟ್ ವೆಹಿಕಲ್’ ಚಿತ್ರವೂ ಇದೆ. ಎರಡೂ ಬೇರೆ ಬೇರೆ ಎಂದು ಹೆಸರಲ್ಲೇ ಗೊತ್ತಾಗಬೇಕು.

ತಿಳಿಗನ್ನಡ:

ಆಳಿಲ್ಲದ ಕಾದುಬಂಡಿ. ಹಳಗನ್ನಡದಲ್ಲಿ ಆಳ್ ಎಂದರೆ ಕಾದುವವನೇ. ಕಾಲಾಳು ಎಂಬಲ್ಲಿ ಅದು ಇನ್ನೂ ಗಟ್ಟಿಯಾಗಿ ಕೂತಿದೆ. ಎರವಲು ತರುವ ಮೊದಲು ಮನೆಯ ಕಣಜ ನೋಡಿ.

ಕರಡು ತಿದ್ದುವವಳು:

ಸರ್, ಆಳಿಲ್ಲದ ಎಂದರೆ ಮತ್ತೆ ಮಾನವರಹಿತವೇ ಆಯಿತಲ್ಲ. ನನಗೆ ಆಳು ಇದ್ದರೂ ಸೈ, ಇಲ್ಲದಿದ್ದರೂ ಸೈ ಎನ್ನುವ ಪದ ಬೇಕು.

ಸೂತ್ರಪಾಠಿ:

ಇದನ್ನು ಹಿಡಿದುಕೊಂಡು ಯಾರೂ ‘ಆಳುರಹಿತ’ ಎಂದು ಶುರುಮಾಡಬೇಡಿ, ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆಯುವ ದೋಷ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೂ ಹಿಂದಿನಿಂದ ನಡೆದುಬಂದ ಪ್ರಯೋಗಗಳಿಗೂ ರಿಯಾಯಿತಿ ಕೊಟ್ಟಿದ್ದಾನೆ. ಅಮೆರಿಕದ ವಾಹನ ಎರಡರಲ್ಲೂ ಸೇರುವುದಿಲ್ಲ.

ಕವಚವಿರುವ ವಾಹನಕ್ಕೆ ನೆಲೆಯಾದ ಪದ ಬೇಕಾದರೆ ‘ವರೂಥ’ವನ್ನು ಯಾಕೆ ಮರೆತಿರಿ? ‘ರಥಗುಪ್ತಿರ್ವರೂಥೋ ನಾ’ ಎನ್ನುತ್ತದೆ ಅಮರಕೋಶ: ರಥಕ್ಕೆ ತೊಡಿಸುವ ರಕ್ಷೆ. ಸೇನೆಗೆ ವರೂಥಿನಿ ಎಂಬ ಹೆಸರೂ ಅದೇ ಪದದಿಂದ. ‘ಸನ್ನಾಹ’ ಕೂಡ ಮೂಲದಲ್ಲಿ ಕವಚವೇ. ಈಗ ‘ಸನ್ನದ್ಧ’ ಎಂದರೆ ತಯಾರಾದವನು ಎಂದಷ್ಟೇ ಉಳಿದಿದೆ, ಕವಚ ಕಳಚಿಹೋಗಿದೆ. ‘ವರೂಥಯಾನ’ ಎಂದು ಬಳಸಿ ನೋಡಿ.

ತಿಳಿಗನ್ನಡ:

ಪಟ್ಟಿಯಲ್ಲಿ ವರೂಥಯಾನ ಎಂದು ಬರೆದರೆ ಅದರ ಅರ್ಥ ಬರೆಯಲು ಇನ್ನೊಂದು ಪಟ್ಟಿ ಬೇಕು.

ಹಳೆಯ ಸೈನಿಕ:

ಪದ ಕಟ್ಟುವ ಮೊದಲು ವಸ್ತುವನ್ನು ನೋಡೋಣವೇ? ಬ್ರಾಡ್ಲಿ ಟ್ಯಾಂಕ್ ಅಲ್ಲ. ಕಾಲಾಳುಗಳನ್ನು ಒಳಗೆ ಕೂರಿಸಿಕೊಂಡು ಹೋಗಿ, ಇಳಿಸಿ, ಬೆನ್ನಿಗೆ ನಿಂತು ಗುಂಡು ಹಾರಿಸುವ ವಾಹನ. ಯುರೋಪಿನ ಸಾಂಪ್ರದಾಯಿಕ ಸೇನಾಬಲದ ಮೇಲಿನ 1990ರ ಒಪ್ಪಂದ ಗೆರೆಯನ್ನೇ ಎಳೆದಿದೆ: ಕವಚವಾಹನದಲ್ಲಿ 20 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಫಿರಂಗಿ ಇದ್ದರೆ ಅದು ಕಾಲಾಳುಗಳ ಕದನವಾಹನ, ಅದಕ್ಕಿಂತ ಸಣ್ಣ ಆಯುಧವಾದರೆ ಬರಿಯ ಸಾಗಣೆವಾಹನ. ಬ್ರಾಡ್ಲಿಯದು 25 ಮಿ.ಮೀ. ಹಾಗಾಗಿ ಬರಿದೇ ‘ಯುದ್ಧವಾಹನ’ ಎಂದರೆ ಜೀಪಿನಿಂದ ಟ್ಯಾಂಕಿನವರೆಗೆ ಎಲ್ಲವೂ ಒಳಗೆ ಬಂದುಬಿಡುತ್ತದೆ. ‘ಕದನವಾಹನ’ ಇಟ್ಟುಕೊಳ್ಳಿ.

ಇನ್ನು ‘ಆಳಿಲ್ಲದ’ ಎಂಬುದರ ತೊಡಕು ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. 2015ರಲ್ಲಿ ರಷ್ಯಾ ಮೆರವಣಿಗೆಯಲ್ಲಿ ತೋರಿಸಿದ ಟಿ-14 ಟ್ಯಾಂಕಿನಲ್ಲಿ ಟರೆಟ್ (ಫಿರಂಗಿ ಹೊತ್ತು ತಿರುಗುವ ಮೇಲಿನ ಗೋಪುರ) ಒಳಗೆ ಯಾರೂ ಇರುವುದಿಲ್ಲ, ಮೂವರೂ ಮುಂಭಾಗದ ಒಡಲಿನಲ್ಲಿ ಕೂರುತ್ತಾರೆ. ಅಂದರೆ ಆಳಿರುವ ವಾಹನದ ಮೇಲೆ ಆಳಿಲ್ಲದ ಟರೆಟ್. ಆಧುನೀಕರಣ ಎಂದರೆ ಬಹುಪಾಲು ಇಂಥದ್ದೇ. ಎಷ್ಟೋ ಕಡೆ ಒಡಲು ಹಳೆಯದೇ ಇರುತ್ತದೆ. ಎಂಜಿನ್, ರಾತ್ರಿ ಕಾಣುವ ದುರ್ಬೀನು, ಒಳಗಿನಿಂದಲೇ ತಿರುಗಿಸುವ ಗನ್ನು, ಬರುತ್ತಿರುವ ರಾಕೆಟ್ಟನ್ನು ದಾರಿಯಲ್ಲೇ ಹೊಡೆಯುವ ವ್ಯವಸ್ಥೆ, ಇವು ಹೊಸದಾಗುತ್ತವೆ. ಯಾವ ಭಾಗದಲ್ಲಿ ಆಳಿಲ್ಲ ಎಂದು ಹೇಳದೆ ‘ಆಳಿಲ್ಲದ’ ಎಂದರೆ ಓದುಗ ಏನು ತಿಳಿಯಬೇಕು?

ಕೈಮುಗಿಯುತ್ತೇನೆ, ‘ಸ್ವಯಂಚಾಲಿತ’ವನ್ನಂತೂ ಹಾಕಬೇಡಿ. ಆಟೊಮ್ಯಾಟಿಕ್ ಗೇರಿನ ಕಾರೂ ಸ್ವಯಂಚಾಲಿತವೇ. ದೂರದಲ್ಲಿ ಒಬ್ಬ ಕೂತು ನಡೆಸುವುದು ಒಂದು, ದಾರಿಯನ್ನು ವಾಹನವೇ ಹುಡುಕಿಕೊಳ್ಳುವುದು ಇನ್ನೊಂದು, ಯಾರಿಗೆ ಗುಂಡು ಹಾಕಬೇಕೆಂದು ಯಂತ್ರವೇ ತೀರ್ಮಾನಿಸುವುದು ಮೂರನೆಯದು. ಮೊದಲನೆಯದು ಹೊಸದೇನಲ್ಲ. 1939–40ರ ಚಳಿಗಾಲದಲ್ಲಿ ಫಿನ್ಲೆಂಡಿನ ಮೇಲೆ ಸೋವಿಯತ್ ಸೇನೆ ರೇಡಿಯೊದಿಂದ ನಡೆಸುವ ಟ್ಯಾಂಕುಗಳನ್ನು ಬಿಟ್ಟಿತ್ತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ‘ಗೋಲಿಯಾತ್’ ಎಂಬ ಪುಟ್ಟ ಬಂಡಿ ಸಿಡಿಮದ್ದು ಹೊತ್ತು ತಂತಿಯ ಹಿಡಿತದಲ್ಲಿ ತೆವಳುತ್ತಿತ್ತು. ಜಗಳ ಇರುವುದು ಮೂರನೆಯದರ ಮೇಲೆ. ಅಲ್ಲಿ ಪದ ತಪ್ಪಿದರೆ ಲೇಖನವೇ ತಪ್ಪುತ್ತದೆ.

ಕರಡು ತಿದ್ದುವವಳು:

ತುಂಬ ಉಪಕಾರ ಸರ್. ಮೂರನೆಯದಕ್ಕೆ ‘ಸ್ವಾಯತ್ತ’ ಹಾಕಬಹುದೇ?

ಹಳೆಯ ಸೈನಿಕ:

ಸ್ವಾಯತ್ತ ಎಂದರೆ ನನಗೆ ಕಾಲೇಜು ನೆನಪಾಗುತ್ತದೆ. ‘ತಾನೇ ಗುರಿ ಆರಿಸುವ’ ಎಂದು ಬಿಡಿಸಿ ಬರೆಯಿರಿ. ಉದ್ದವಾದರೂ ಸುಳ್ಳಲ್ಲ.

ಬೇರುಹುಡುಕ:

ಎಲ್ಲರೂ ‘ಟ್ಯಾಂಕ್’ ಪದವನ್ನು ದಾಟಿಕೊಂಡು ಹೋಗುತ್ತಿದ್ದೀರಿ! ಅದು ನಮ್ಮ ಕಡೆಯಿಂದಲೇ ಹೋಗಿ ಗುಂಡು ತುಂಬಿಕೊಂಡು ವಾಪಸು ಬಂದ ಪದ. ಗುಜರಾತಿ, ಮರಾಠಿಗಳಲ್ಲಿ ಟಾಂಕಿ, ಟಾಂಕೆ ಎಂದರೆ ನೀರಿನ ತೊಟ್ಟಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಗುಟ್ಟು ಬಿಡದಿರಲೆಂದು ಹೊಸ ಯಂತ್ರವನ್ನು ತೊಟ್ಟಿ ಎಂದು ಕರೆದರು. 1916ರ ಸೆಪ್ಟೆಂಬರ್ 15ರಂದು ಸೊಮ್ ಕದನಕ್ಕೆ ಇಳಿದಾಗ ಗುಟ್ಟು ರಟ್ಟಾಯಿತು, ಹೆಸರು ಮಾತ್ರ ಅಂಟಿಕೊಂಡಿತು. ಎರವಲು ಎಂದು ದೂರುವವರು ಇದನ್ನು ತಿಳಿದಿರಲಿ.

ಸೂತ್ರಪಾಠಿ:

ಪೋರ್ಚುಗೀಸಿನಲ್ಲೂ ಅದೇ ಸದ್ದಿನ, ಕೊಳ ಎಂಬರ್ಥದ ಪದವಿದೆ. ಅದು ಲ್ಯಾಟಿನ್ ಮೂಲದ್ದು. ನೀವು ತೋರಿಸುವಷ್ಟು ನೇರವಲ್ಲ ದಾರಿ. ಅಲ್ಲದೆ ಪ್ರಶ್ನೆ ಟ್ಯಾಂಕಿನದಲ್ಲ.

ತಿಳಿಗನ್ನಡ:

ರೋಬೋಟಿನದಾದರೂ ಹೌದಲ್ಲ. ಚೆಕ್ ನುಡಿಯ ‘ರೊಬೊತ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡುವ ಚಾಕರಿ. ನಮ್ಮಲ್ಲಿ ಅದಕ್ಕೆ ‘ಬಿಟ್ಟಿ’ ಇದೆ. ‘ಬಿಟ್ಟಿಯಾಳು’ ಎನ್ನಿ, ಬೇರಿಗೆ ಬೇರೇ ಕೂಡುತ್ತದೆ.

ಸೂತ್ರಪಾಠಿ:

ಬಿಟ್ಟಿ ಸಂಸ್ಕೃತದ ‘ವಿಷ್ಟಿ’ಯ ತದ್ಭವ. ನಿಮ್ಮ ಕಣಜದಲ್ಲೂ ನಮ್ಮ ಕಾಳೇ.

ಹಳೆಯ ಸೈನಿಕ:

ಹತ್ತು ಟನ್ ತೂಕದ ಉಕ್ಕಿನ ಬಿಟ್ಟಿಯಾಳು! ಅದನ್ನು ರೋಬೋಟ್ ಎಂದೇ ಬಿಡಿ. ‘ಯಂತ್ರಮಾನವ’ ಎಂದರೆ ಜನ ಕೈಕಾಲು, ತಲೆ ಹುಡುಕುತ್ತಾರೆ. ಮೇಲಾಗಿ ‘ಮಾನವರಹಿತ ಯಂತ್ರಮಾನವ’ ಎಂದು ಬರೆಯಬೇಕಾದ ದಿನ ನಾನು ಈ ಚರ್ಚೆಯ ಗುಂಪನ್ನೇ ಬಿಡುತ್ತೇನೆ.

ಮತ್ತೆ, ಶುದ್ಧ ಕನ್ನಡದ ಯುದ್ಧ ಎಲ್ಲಿದೆ ತೋರಿಸಿ. ಫಿರಂಗಿ ಎನ್ನುವುದು ಪರಂಗಿಗಳ ಹೆಸರು. ಬಂದೂಕು, ಫೌಜು, ಸಿಪಾಯಿ ಎಲ್ಲ ಪಾರ್ಸಿಯ ದಾರಿಯಲ್ಲಿ ಬಂದವು. ಇವತ್ತು ಕಚೇರಿಯಲ್ಲಿ ಕೂರುವ ‘ಸಿಬ್ಬಂದಿ’ ಕೂಡ ಒಂದು ಕಾಲಕ್ಕೆ ಕಂದಾಯ ವಸೂಲಿಗೆ ಇಟ್ಟುಕೊಳ್ಳುತ್ತಿದ್ದ ದಂಡು. ಆಯುಧ ಯಾವ ಊರಿಂದ ಬಂತೋ ಹೆಸರೂ ಅಲ್ಲಿಂದಲೇ ಬಂದಿದೆ.

ತಿಳಿಗನ್ನಡ:

ಬಿಲ್ಲು, ಅಂಬು, ಕೂರ್ಗತ್ತಿ, ಈಟಿ, ಗುರಾಣಿ. ಇವೂ ಎರವಲೇ?

ಹಳೆಯ ಸೈನಿಕ:

ಅವನ್ನೇ ಹಿಡಿದು ಹೋಗಿ ಯುದ್ಧಕ್ಕೆ.

ಕರಡು ತಿದ್ದುವವಳು:

ಹಿರಿಯರೆಲ್ಲ ಕ್ಷಮಿಸಬೇಕು, ಪುಟ ಕಾಯುತ್ತಿದೆ. ‘ಇಬ್ಬಗೆ ಚಾಲನೆಯ ಕದನವಾಹನ’ ಹೇಗೆ? ಮೂರೇ ಪದ.

ಹಳೆಯ ಸೈನಿಕ:

ಚಾಲನೆ ಬೇಡ. ಡೀಸೆಲ್ಲಿಗೂ ವಿದ್ಯುತ್ತಿಗೂ ಓಡುವ ಹೈಬ್ರಿಡ್ ಎಂದುಕೊಳ್ಳುತ್ತಾರೆ, ಅದೇ ವಾಹನಕ್ಕೆ ಹೈಬ್ರಿಡ್ ಎಂಜಿನ್ನಿನ ಮಾತೂ ಇರುವುದರಿಂದ ಗೊಂದಲ ದುಪ್ಪಟ್ಟು. ‘ಇಬ್ಬಗೆ ನಿಯಂತ್ರಣದ ಕದನವಾಹನ’ ಮಾಡಿ. ಒಳಗಿಂದಲೂ ಹೊರಗಿಂದಲೂ ಎಂದು ಲೇಖನದಲ್ಲಿ ಒಂದು ಸಾಲು ಸೇರಿಸಿ. ಪಕ್ಕದ್ದಕ್ಕೆ ‘ರೋಬೋಟ್ ಕದನವಾಹನ’.

ಸೂತ್ರಪಾಠಿ:

ಬಿಡಿಬಿಡಿಯಾಗಿ ಬರೆದರೆ ಅರಿಸಮಾಸದ ದೋಷವಿಲ್ಲ. ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ.

ತಿಳಿಗನ್ನಡ:

ನಿಯಂತ್ರಣಕ್ಕೆ ‘ಹಿಡಿತ’ ಏನಾಗಿತ್ತು? ಇಬ್ಬಗೆ ಹಿಡಿತದ ಕಾದುಬಂಡಿ. ಇನ್ನೂ ಚಿಕ್ಕದು.

ಕರಡು ತಿದ್ದುವವಳು:

ಹಿಡಿತ ನನಗೂ ಇಷ್ಟವಾಯಿತು ಸರ್, ಆದರೆ ಪುಟ ಹೋಯಿತು. ‘ನಿಯಂತ್ರಣದ’ ಎಂದೇ ಹೋಯಿತು. ಎಲ್ಲರಿಗೂ ವಂದನೆ.

ಬೇರುಹುಡುಕ:

ಟ್ಯಾಂಕಿನ ಬಗ್ಗೆ ನಾನು ಹೇಳಿದ್ದಕ್ಕೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಬೇರೆ ಎಳೆ ಶುರುಮಾಡುತ್ತಿದ್ದೇನೆ.