ಬೂದುನೀಲಿಯೋ ನೀಲಿಬೂದೋ? ಚೀನಾದ ಪುಟಾಣಿ ಸೈನಿಕರ ಸಮವಸ್ತ್ರಕ್ಕೆ ಬಣ್ಣದ ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಲೋಹದ ಪುಟಾಣಿ ಸೈನಿಕರಿಗೆ ಬಣ್ಣ ಹಚ್ಚುವ ಹವ್ಯಾಸವುಳ್ಳ ಗೆಳೆಯರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವಿಷಯ 1916ರಿಂದ 1928ರವರೆಗಿನ ಚೀನಾ. 1916ರ ಜೂನ್‌ನಲ್ಲಿ ಗಣರಾಜ್ಯದ ಅಧ್ಯಕ್ಷ ಯುವಾನ್ ಶಿಕಾಯ್ ತೀರಿಕೊಂಡ ಮೇಲೆ ದೇಶ ಸೇನಾಪತಿಗಳ ಪಾಲಾಯಿತು. ಅನ್ಹುಯಿ ಬಣದ ದುವಾನ್ ಚಿರುಯಿ, ಝಿಲಿ ಬಣದ ವು ಪೇಫು, ಮಂಚೂರಿಯಾದ ಫೆಂಗ್‌ಟಿಯಾನ್ ಬಣದ ಝಾಂಗ್ ಜುವೊಲಿನ್, ಶಾನ್ಶಿಯಲ್ಲಿ ಯಾನ್ ಶಿಶಾನ್, ಹೀಗೆ ಒಬ್ಬೊಬ್ಬರದೂ ಒಂದೊಂದು ಸೇನೆ. ನಾವು ಬಣ್ಣ ಹಚ್ಚುವ ಸೈನಿಕನ ಎತ್ತರ 28 ಮಿಲಿಮೀಟರ್. ಅವನ ಮೈಯ ಬಹುಭಾಗ ಬಟ್ಟೆಯೇ ಆಗಿರುವುದರಿಂದ ಆ ಒಂದು ಬಣ್ಣ ತಪ್ಪಿದರೆ ಇಡೀ ಪಡೆ ಬೇರೆ ದೇಶದ್ದಾಗಿ ಕಾಣುತ್ತದೆ. ಓದುಗರು ಅಂಗಡಿಯಲ್ಲಿ ಸರಿಯಾದ ಸೀಸೆಗೇ ಕೈ ಹಾಕುವಂತೆ ಆ ಬಣ್ಣವನ್ನು ಕನ್ನಡದಲ್ಲಿ ಹೆಸರಿಸಬೇಕು. ಅದಕ್ಕಾಗಿ ನಿಮ್ಮ ನೆರವು ಕೇಳುತ್ತಿದ್ದೇನೆ.

ಮೊದಲು ಬಟ್ಟೆಯ ವಿಚಾರ ಹೇಳುತ್ತೇನೆ. ಗಣರಾಜ್ಯಕ್ಕೂ ಮೊದಲು ಚೀನಾವನ್ನಾಳಿದ ಕ್ವಿಂಗ್ ರಾಜವಂಶದ ಕೊನೆಯ ವರ್ಷಗಳಲ್ಲಿ ಕಟ್ಟಿದ ಹೊಸ ಸೇನೆಗೆ ಚಳಿಗಾಲದಲ್ಲಿ ಕಡುನೀಲಿ, ಬೇಸಿಗೆಯಲ್ಲಿ ಖಾಕಿ ಉಡುಪು ಇತ್ತು. ಸೇನಾಪತಿಗಳ ಕಾಲಕ್ಕೆ ಬಂದರೆ ಹೆಚ್ಚಿನ ಪಡೆಗಳು ಹತ್ತಿಬಟ್ಟೆಯ ಬೂದು ಸಮವಸ್ತ್ರಕ್ಕೆ ಇಳಿದಿದ್ದವು. ಆದರೆ ಅದು ಒಂದೇ ಬೂದು ಅಲ್ಲ. ಬೇರೆ ಬೇರೆ ಕಡೆ ಬಣ್ಣ ಹಾಕಿಸಿದ, ಅಗ್ಗದ, ಬೇಗ ಬಣ್ಣ ಬಿಡುವ ಬಟ್ಟೆ. ಹೊಸದರಲ್ಲಿ ನೀಲಿ ಎದ್ದು ಕಾಣುತ್ತದೆ; ಬಿಸಿಲು ಮತ್ತು ಒಗೆತಕ್ಕೆ ಸಿಕ್ಕ ಮೇಲೆ ನೀಲಿ ಹಿಂದೆ ಸರಿದು ಬೂದು ಉಳಿಯುತ್ತದೆ. ಒಂದೇ ಸಾಲಿನಲ್ಲಿ ನಿಂತ ಇಬ್ಬರ ಅಂಗಿಗಳು ಒಂದೇ ಬಣ್ಣದವಾಗಿರಬೇಕೆಂದಿಲ್ಲ, ಒಬ್ಬನದೇ ಅಂಗಿ ಮತ್ತು ಷರಾಯಿಯೂ ಹೊಂದಬೇಕೆಂದಿಲ್ಲ. ಹಾಗಾಗಿ ಒಂದು ಸೀಸೆಯ ಒಂದು ಹೆಸರು ಕೊಟ್ಟರೆ ಕೈಪಿಡಿ ಓದುಗರನ್ನು ದಾರಿ ತಪ್ಪಿಸುತ್ತದೆ. ಹೊಸ ಬಟ್ಟೆಗೊಂದು, ನಡುವಿನದಕ್ಕೊಂದು, ಸವೆದದ್ದಕ್ಕೊಂದು ಹೆಸರು ಬೇಕು.

ನನ್ನ ಮುಖ್ಯ ಪ್ರಶ್ನೆ ಇಲ್ಲಿದೆ. ಬಣ್ಣದ ಜೋಡುಪದಗಳಲ್ಲಿ ಕನ್ನಡ ಮುಖ್ಯ ಬಣ್ಣವನ್ನು ಕೊನೆಗೆ ಇಡುತ್ತದೆ ಎಂದು ನಾನು ತಿಳಿದಿದ್ದೇನೆ. ಗಿಳಿಹಸಿರು ಎಂದರೆ ಒಂದು ಬಗೆಯ ಹಸಿರು, ಎಣ್ಣೆಗಪ್ಪು ಎಂದರೆ ಒಂದು ಬಗೆಯ ಕಪ್ಪು, ಕೆಂಗಂದು ಎಂದರೆ ಕೆಂಪು ಬೆರೆತ ಕಂದು. ಈ ನಿಯಮ ಹಿಡಿದರೆ ಬೂದುನೀಲಿ ಎಂದರೆ ಬೂದು ಬೆರೆತ ನೀಲಿ, ನೀಲಿಬೂದು ಎಂದರೆ ನೀಲಿ ಬೆರೆತ ಬೂದು. ಎರಡೂ ನನಗೆ ಬೇಕು: ಹೊಸ ಬಟ್ಟೆಗೆ ಬೂದುನೀಲಿ, ಕೆಲವು ತಿಂಗಳು ತೊಟ್ಟದ್ದಕ್ಕೆ ನೀಲಿಬೂದು, ಪೂರ್ತಿ ಸವೆದದ್ದಕ್ಕೆ ಮಾಸಲು ಬೂದು. ಇಷ್ಟು ಸೂಕ್ಷ್ಮವನ್ನು ಬರೀ ಪದಗಳ ಕ್ರಮ ಹೊರಬಲ್ಲದೇ? ಪತ್ರಿಕೆ ಓದುವ ಸಾಮಾನ್ಯ ಓದುಗರಿಗೆ ಇವೆರಡೂ ಬೇರೆ ಬೇರೆ ಎಂದು ಹೊಳೆಯುತ್ತದೆಯೇ? ಇಲ್ಲವೆಂದಾದರೆ ‘ಬೂದಿಗೆ ತಿರುಗಿದ ನೀಲಿ’ ಎಂದು ಬಿಡಿಸಿಯೇ ಬರೆಯುತ್ತೇನೆ. ಧೂಸರ ಎಂಬ ಸಂಸ್ಕೃತ ಪದವನ್ನು ಕೆಲವರು ಸೂಚಿಸಿದ್ದಾರೆ. ಕಾವ್ಯದಲ್ಲಿ ಅದು ಚೆನ್ನ. ಕುಂಚ ಹಿಡಿದು ಕುಳಿತವರಿಗೆ ಅದರಿಂದ ಯಾವ ಬಣ್ಣವೂ ಕಣ್ಣಿಗೆ ಕಟ್ಟುವುದಿಲ್ಲ.

ಬೂದು ಎಂಬ ಪದವನ್ನು ಬಿಡಲು ನನಗೆ ಮನಸ್ಸಿಲ್ಲ. ಚೀನೀ ಭಾಷೆಯಲ್ಲಿ ಈ ಬಣ್ಣದ ಹೆಸರು ಹುಯಿ, ಆ ಪದದ ಮೂಲ ಅರ್ಥವೂ ಬೂದಿಯೇ. ನಮ್ಮಲ್ಲಿ ಬೂದಿಯಿಂದ ಬೂದು, ಬೂದುಗುಂಬಳ. ಎರಡು ಭಾಷೆಗಳೂ ಒಲೆಯಿಂದಲೇ ಈ ಬಣ್ಣವನ್ನು ಎತ್ತಿಕೊಂಡಿರುವಾಗ ‘ಗ್ರೇ’ ಎಂದು ಬರೆಯುವ ಅಗತ್ಯವಿಲ್ಲ. ಬರೆದರೆ ತೊಂದರೆಯೂ ಇದೆ. ಬಣ್ಣದ ಸೀಸೆಗಳ ಮೇಲೆ ಇರುವುದು ಹೆಚ್ಚಾಗಿ ಯುರೋಪಿನ ಸೇನೆಗಳ ಹೆಸರು. ‘ಫೀಲ್ಡ್ ಗ್ರೇ’ ಎಂದು ಓದಿ ಕೊಂಡರೆ ಜರ್ಮನ್ನರ ಹಸಿರು ಬೆರೆತ ಬೂದು ಸಿಗುತ್ತದೆ, ಅದು ಚೀನಾದ ಹತ್ತಿಗೆ ಸಲ್ಲದು. ಫ್ರೆಂಚರು 1915ರಲ್ಲಿ ತಂದ ‘ಹೊರೈಜನ್ ಬ್ಲೂ’ ಇದಕ್ಕಿಂತ ಹತ್ತಿರ, ಆದರೂ ಅದಕ್ಕೆ ಒಂದಿಷ್ಟು ಬೂದು ಬೆರೆಸಬೇಕು.

ಹಳೆಯ ಫೋಟೋ ನೋಡಿ ಬಣ್ಣ ಹಚ್ಚಬಹುದಲ್ಲ ಎಂದು ಯಾರಾದರೂ ಕೇಳಬಹುದು. ಆ ಕಾಲದಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ನೀಲಿ ಅತಿಯಾಗಿ ಕಾಣುತ್ತಿತ್ತು. ಆದ್ದರಿಂದ ಅದರಲ್ಲಿ ಕೆಂಪು ಕಪ್ಪಾಗಿ, ನೀಲಿ ಬಿಳಿಚಿಕೊಂಡು ಮೂಡುತ್ತವೆ. ಅಂದಿನ ಗಣರಾಜ್ಯದ ಬಾವುಟದಲ್ಲಿ ಮೇಲಿನಿಂದ ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಪಟ್ಟೆಗಳಿದ್ದವು. ಅಂಥ ಫೋಟೋದಲ್ಲಿ ಮೇಲಿನ ಕೆಂಪು ಪಟ್ಟೆ ಕೆಳಗಿನ ಕಪ್ಪಿನ ಹಾಗೆ, ನೀಲಿ ಪಟ್ಟೆ ಪಕ್ಕದ ಬಿಳಿಯ ಹಾಗೆ ತೋರುತ್ತದೆ. ಸೈನಿಕರ ಬೂದುನೀಲಿ ಅಂಗಿಯೂ ಹಾಗೆಯೇ ಇದ್ದದ್ದಕ್ಕಿಂತ ತೆಳುವಾಗಿ ಬರುತ್ತದೆ. ಫೋಟೋದ ತಿಳಿತನವನ್ನು ನಂಬಿ ಬಿಳಿ ಬೆರೆಸುತ್ತಾ ಹೋದವರ ಸೇನೆ ಹಿಟ್ಟು ಮೆತ್ತಿದ ಹಾಗಾಗುತ್ತದೆ. ಬಾವುಟದ ಹೆಸರನ್ನು ಪಂಚವರ್ಣ ಧ್ವಜ ಎನ್ನದೆ ಐವಣ್ಣದ ಬಾವುಟ ಎಂದು ಬರೆದಿದ್ದೇನೆ. ಟೋಪಿಯ ಮುಂದಿನ ಐದು ಮೊನೆಯ ನಕ್ಷತ್ರಕ್ಕೂ ಅದೇ ಐದು ಬಣ್ಣಗಳಿರುವುದರಿಂದ ‘ಐವಣ್ಣ’ ಅಲ್ಲಿಯೂ ಹೊಂದುತ್ತದೆ.

ಖಾಕಿಯ ತೊಡಕು ಇದಕ್ಕಿಂತ ಗಟ್ಟಿ. ಧೂಳು ಎಂಬ ಅರ್ಥದ ಪಾರಸಿ ‘ಖಾಕ್’ ಉರ್ದುವಿನ ಮೂಲಕ ಬ್ರಿಟಿಷರ ಭಾರತೀಯ ಸೇನೆಗೆ ಬಂದು, ಅಲ್ಲಿಂದ ಲೋಕವನ್ನೆಲ್ಲ ಸುತ್ತಿತು. ಚೀನೀ ಭಾಷೆಯಲ್ಲೂ ಖಾಛಿ ಎಂದು ಸೇರಿಕೊಂಡಿದೆ. ಆದರೆ ಕನ್ನಡದಲ್ಲಿ ಖಾಕಿ ಎಂದ ಕೂಡಲೇ ನೆನಪಿಗೆ ಬರುವುದು ಪೊಲೀಸರ ಗಾಢ ಖಾಕಿ. ಚೀನಾದ ಬೇಸಿಗೆಯ ಬಟ್ಟೆ ಅದಕ್ಕಿಂತ ಹಳದಿ, ಅದಕ್ಕಿಂತ ತಿಳಿ. ಚೀನೀಯರು ಈ ಬಣ್ಣಕ್ಕೆ ತು ಹುವಾಂಗ್, ಅಂದರೆ ಮಣ್ಣಿನ ಹಳದಿ ಎಂದೂ ಹೇಳುತ್ತಾರೆ. ಅದನ್ನು ‘ಮಣ್ಣುಬಣ್ಣ’ ಎಂದು ಕನ್ನಡಕ್ಕೆ ತಂದರೆ ಇನ್ನೊಂದು ಅನಾಹುತ: ನಮ್ಮ ಮಣ್ಣು ಕೆಮ್ಮಣ್ಣು ಇಲ್ಲವೇ ಎರೆಮಣ್ಣು. ಕೋಲಾರದ ಓದುಗರು ಕೆಂಪು ಬೆರೆಸುತ್ತಾರೆ, ಗದಗಿನವರು ಕಪ್ಪು ಬೆರೆಸುತ್ತಾರೆ. ಉತ್ತರ ಚೀನಾದಲ್ಲಿ, ಯಾನ್ ಶಿಶಾನ್ ಆಳುತ್ತಿದ್ದ ಶಾನ್ಶಿಯೂ ಸೇರಿ, ನೆಲವೇ ಹಳದಿ. ಗಾಳಿ ತಂದು ಸುರಿದ ನಯವಾದ ಧೂಳಿನ ಮಣ್ಣು ಅಲ್ಲಿಯದು. ಸದ್ಯಕ್ಕೆ ‘ಹಳದಿ ಖಾಕಿ’ ಎಂದು ಬರೆದಿದ್ದೇನೆ. ‘ಒಣಹುಲ್ಲಿನ ಬಣ್ಣ’ ಎಂಬುದೂ ಮನಸ್ಸಿನಲ್ಲಿದೆ. ಯಾವುದು ಮೇಲು?

ಇನ್ನು ಪಟ್ಟಿಗಳು. ಬಣಗಳ ಉಡುಪು ಒಂದೇ ತೆರನಾಗಿದ್ದುದರಿಂದ ಯುದ್ಧಭೂಮಿಯಲ್ಲಿ ನಮ್ಮವರು, ಎದುರಾಳಿಗಳು ಎಂದು ಗುರುತಿಸಲು ತೋಳಿಗೆ ಬಣ್ಣದ ಬಟ್ಟೆ ಕಟ್ಟುತ್ತಿದ್ದರು. ಇನ್ನೊಬ್ಬ ಸೇನಾಪತಿ ಫೆಂಗ್ ಯುಶಿಯಾಂಗ್‌ನ ಸೈನಿಕರ ತೋಳಿನ ಬಟ್ಟೆಯ ಮೇಲೆ ಜನರನ್ನು ಪೀಡಿಸುವುದಿಲ್ಲ ಎಂಬ ಪ್ರತಿಜ್ಞೆಯೂ ಇರುತ್ತಿತ್ತು. ಇದಕ್ಕೆ ತೋಳುಪಟ್ಟಿ ಎಂದೆ. ಮೊಣಕಾಲಿನಿಂದ ಕೆಳಗೆ ಸುತ್ತುವ ಬಟ್ಟೆಗೆ ಕಾಲುಪಟ್ಟಿ. ಇಂಗ್ಲಿಷಿಗೂ ಆ ಹೆಸರು ಹಿಂದಿಯ ‘ಪಟ್ಟಿ’ಯಿಂದಲೇ ಹೋದದ್ದು. ಕಾಲರಿನ ಮೇಲಿನ ಬಣ್ಣದ ತುಂಡು ಕೊರಳುಪಟ್ಟಿ, ಸೊಂಟದ್ದು ನಡುಪಟ್ಟಿ. ಒಂದೇ ಪುಟದಲ್ಲಿ ನಾಲ್ಕು ಪಟ್ಟಿಗಳು ಬಂದು ಓದು ಎಡವುತ್ತಿದೆ. ಸೊಂಟದ್ದನ್ನು ಬೆಲ್ಟ್ ಎಂದೇ ಬಿಡಬಹುದು. ಕಾಲರಿನ ತುಂಡಿಗೆ ಪಟ್ಟಿಯಲ್ಲದ ಪದ ಯಾರಿಗಾದರೂ ತೋಚುತ್ತದೆಯೇ?

‘ಸೇನಾಪತಿ’ ಎಂಬ ನನ್ನ ಆಯ್ಕೆಗೂ ಆಕ್ಷೇಪ ಬಂದಿದೆ, ಪಾಳೇಗಾರ ಎನ್ನಬೇಕಂತೆ. ನಾನು ಒಪ್ಪುವುದಿಲ್ಲ. ಚಿತ್ರದುರ್ಗದ ಪಾಳೇಗಾರರಿಗೆ ವಂಶದಿಂದ ಬಂದ ನೆಲ, ಕೋಟೆ, ಕುಲದೇವತೆ ಇದ್ದವು. ಇವರಲ್ಲಿ ಹೆಚ್ಚಿನವರು ರೈಲು, ಫಿರಂಗಿ, ಸಂಬಳದ ಪಟಾಲಂಗಳನ್ನು ನಂಬಿದ ಆಧುನಿಕ ಸೇನೆಯ ಜನರಲ್‌ಗಳು. ಚೀನೀಯರು ಬಳಸುವ ‘ಜುನ್‌ಫಾ’ ಎದುರಾಳಿಗಳು ಇಟ್ಟ ಬೈಗುಳದ ಹೆಸರು, ಯಾವ ಜನರಲ್ಲನೂ ತನ್ನನ್ನು ಹಾಗೆ ಕರೆದುಕೊಂಡಿಲ್ಲ. ಆ ಕಹಿಯನ್ನೂ ಹೊತ್ತ ಕನ್ನಡ ಪದ ಸಿಕ್ಕರೆ ಸೇನಾಪತಿಯನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಕೊನೆಯದಾಗಿ, ಬಳಗದಲ್ಲಿ ಇಳಕಲ್ಲು, ಗುಳೇದಗುಡ್ಡದ ಕಡೆಯವರು ಇದ್ದರೆ ಅವರಲ್ಲಿ ವಿಶೇಷ ವಿನಂತಿ. ನೂಲಿಗೆ ಬಣ್ಣ ಹಾಕುವವರು ಬೂದು ಬೆರೆತ ನೀಲಿಗೂ, ಒಗೆದು ಒಗೆದು ಬಣ್ಣ ಇಳಿದ ನೀಲಿಗೂ ಬೇರೆ ಬೇರೆ ಹೆಸರು ಹೇಳುತ್ತಾರೆಯೇ? ಅವರ ಬಾಯಲ್ಲಿ ಆಗಲೇ ಪದವಿದ್ದರೆ ನಾನು ಕಟ್ಟಿದ ಜೋಡುಪದಗಳನ್ನು ತೆಗೆದು ಅದನ್ನೇ ಹಾಕುತ್ತೇನೆ. ಪದದ ಜೊತೆಗೆ ಅದು ಯಾವ ಬಟ್ಟೆಗೆ ಸಲ್ಲುತ್ತದೆ ಎಂಬುದನ್ನೂ ದಯವಿಟ್ಟು ಬರೆಯಿರಿ.