ಸಹಾಯ ಬೇಕು: ಕೌದಿಯ ಪದರ ಜೋಡಿಸಲು ಧೈರ್ಯ ಸಾಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವಳು. ಅಮ್ಮನ ಹಳೇ ಕಾಟನ್ ಸೀರೆಗಳ ತುಂಡು ಜೋಡಿಸಿ ಕೌದಿಯ ಮೇಲ್ಪದರ ಮುಗಿಸಿದ್ದೇನೆ. ಅಲ್ಲಿಯವರೆಗೂ ಖುಷಿಯೇ ಖುಷಿ. ಈಗ ಅದು ಬೀರುವಿನಲ್ಲಿ ಕೂತಿದೆ.

ಭಯ ಇರುವುದು ಮೂರು ಪದರ (ಮೇಲ್ಪದರ, ನಡುವಿನ ಪದರ, ಅಡಿ ಬಟ್ಟೆ) ಹಾಸಿ, ಜಾರದಂತೆ ಸದ್ಯಕ್ಕೆ ಹಿಡಿದಿಡುವ ಕಚ್ಚಾ ಹೊಲಿಗೆ ಹಾಕುವುದಕ್ಕೆ. ಹಾಲ್‌ನಲ್ಲಿ ಹಾಸಿ ನೋಡಿದೆ. ಒಂದು ಕಡೆ ಸವರಿದರೆ ಇನ್ನೊಂದು ಕಡೆ ಅಡಿ ಬಟ್ಟೆ ಸುಕ್ಕಾಗುತ್ತದೆ. ಅಂಚಿಗೆ ಟೇಪ್ ಅಂಟಿಸಿದರೆ ನಿಲ್ಲುತ್ತದಾ? ಸೇಫ್ಟಿ ಪಿನ್ನು ಸಾಕಾ, ದಾರವೇ ಬೇಕಾ? ನಡುವಿನಿಂದ ಅಂಚಿಗೆ ಹೋಗಬೇಕು ಅನ್ನುತ್ತಾರೆ. ಆದರೆ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರು ಮಾಡಿ, ತುಂಡು ಸೇರಿಸುತ್ತಲೇ ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ, ಅಲ್ವಾ? ಅದೇ ಚೆನ್ನ ಅನ್ನಿಸುತ್ತದೆ. ಮೇಲ್ಪದರ ಮೊದಲೇ ಹೊಲಿದಿಟ್ಟವರಿಗೂ ಆ ದಾರಿ ಆಗುತ್ತದಾ?

ಅಂಚುಪಟ್ಟಿ, ಮೂಲೆ ಮಡಿಕೆ ಬಗ್ಗೆ ಆಮೇಲೆ ಕೇಳುತ್ತೇನೆ. ಮಿಷನ್ ಬೇಡ, ಕೈಹೊಲಿಗೆಯೇ. ದಯವಿಟ್ಟು "ಸುಮ್ನೆ ಶುರು ಮಾಡಿ" ಅನ್ನಬೇಡಿ, ಅದನ್ನು ಮನೆಯವರೇ ದಿನಾ ಹೇಳುತ್ತಾರೆ. ಚಿಕ್ಕಮಗಳೂರು, ಬೇಲೂರು, ಹಾಸನ ಕಡೆ ಪಕ್ಕದಲ್ಲಿ ಕೂತು ಒಂದೆರಡು ಸಾಲು ತೋರಿಸಿಕೊಡುವವರಿದ್ದರೆ ತಿಳಿಸಿ. ಕಾಫಿ ತಿಂಡಿ ನಮ್ಮನೆಯಲ್ಲೇ. ಮಳೆಗಾಲ ಹಿಡಿದರೆ ಹಾಸಿದ ಬಟ್ಟೆಗೆಲ್ಲ ತಂಡಿ ವಾಸನೆ, ಅದಕ್ಕೇ ಸ್ವಲ್ಪ ಅರ್ಜೆಂಟು.